ಹಳೆಯ ಶಿಬಿರದ ಹಾಸ್ಯಚಿತ್ರವನ್ನು ಮತ್ತೆ ನೋಡುವ ಬಗೆ

ತುಮಕೂರಿನಲ್ಲಿ ಏಪ್ರಿಲ್ ಬಂತೆಂದರೆ ಮಕ್ಕಳ ಬೇಸಿಗೆ ಶಿಬಿರಗಳು ಆರಂಭವಾಗುತ್ತವೆ. ಅವುಗಳಲ್ಲಿ ದುಡಿಯಲು ಬರುವ ಕಾಲೇಜು ಹುಡುಗ ಹುಡುಗಿಯರಿಗೆ ಶಿಬಿರದ ಹುರುಪು ಹತ್ತಲೆಂದು, ನಾನು ಹಿಂದೆ ಹೊಟ್ಟೆ ತುಂಬ ನಕ್ಕಿದ್ದ ‘ಮೀಟ್‌ಬಾಲ್ಸ್’ ಚಿತ್ರವನ್ನು ತೋರಿಸಲು ಯೋಚಿಸಿದ್ದೆ. ಐವನ್ ರೈಟ್‌ಮನ್ ನಿರ್ದೇಶಿಸಿ 1979ರಲ್ಲಿ ತೆರೆಕಂಡ ಈ ಚಿತ್ರವು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಚಿತ್ರೀಕರಣಗೊಂಡಿತು. ಬಿಲ್ ಮರ್ರಿ ಮೊದಲ ಬಾರಿಗೆ ನಾಯಕನಾದದ್ದು ಇದರಲ್ಲಿಯೇ.

ಇಂಥ ಚಿತ್ರವನ್ನು ಮೊದಲು ಒಬ್ಬರೇ ಕುಳಿತು ನೋಡಿ. ಹಳೆಯ ನೆನಪಿನ ಮೇಲೆ ಭರವಸೆಯಿಡಬೇಡಿ, ಏಕೆಂದರೆ ನೆನಪಿನಲ್ಲಿ ಉಳಿದಿರುವುದು ನಮ್ಮ ನಗುವೇ ಹೊರತು ಯಾರನ್ನು ನೋಡಿ ನಕ್ಕೆವೆಂಬುದಲ್ಲ. ಕೈಯಲ್ಲಿ ಪುಸ್ತಕ ಹಿಡಿದು, ಮನಸ್ಸು ಮುದುಡಿದ ಕಡೆಯಲ್ಲೆಲ್ಲ ನಿಮಿಷವನ್ನು ಗುರುತು ಹಾಕಿಕೊಳ್ಳಿ.

ನನ್ನ ಪುಸ್ತಕದಲ್ಲಿ ಎರಡು ಗುರುತುಗಳು ದಪ್ಪಗೆ ಬಿದ್ದಿವೆ. ದಪ್ಪ ಕನ್ನಡಕದ ಒಬ್ಬ ಯುವಕನನ್ನು ಚಿತ್ರದುದ್ದಕ್ಕೂ ಎಲ್ಲರೂ ‘ಸ್ಪಾಜ್’ ಎಂದೇ ಕರೆಯುತ್ತಾರೆ. ಅದು ಸ್ನಾಯುಗಳ ಹಿಡಿತ ತಪ್ಪಿದ ಅಂಗವಿಕಲರನ್ನು ಸೂಚಿಸುವ ಪದದಿಂದ ಹುಟ್ಟಿದ ಹೀಯಾಳಿಕೆ. ನಮ್ಮ ಶಾಲೆಗಳ ‘ಸೋಡಾಬುಡ್ಡಿ’, ‘ಕುಂಟ’ ಎಂಬ ಕೂಗುಗಳನ್ನು ಕೇಳಿ ಬೆಳೆದವರಿಗೆ ಇದರ ನೋವನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಇದಕ್ಕಿಂತ ಗಂಭೀರವಾದುದು: ನಾಯಕ ಟ್ರಿಪ್ಪರ್ ತನ್ನ ಸಹೋದ್ಯೋಗಿ ರಾಕ್ಸಾನ್‌ಳನ್ನು ಸೋಫಾದ ಮೇಲೆ ಬಲವಂತವಾಗಿ ಹಿಡಿದುಕೊಳ್ಳುತ್ತಾನೆ, ಆಕೆ ಬಿಡಿಸಿಕೊಳ್ಳಲು ಒದ್ದಾಡುತ್ತಾಳೆ, ಚಿತ್ರವು ಅದನ್ನು ಕುಸ್ತಿಯ ತಮಾಷೆಯೆಂಬಂತೆ ತೋರಿಸುತ್ತದೆ. ಮುಂದೆ ಆಕೆಯೇ ಅವನನ್ನು ಮೆಚ್ಚುವಂತೆ ಕಥೆ ಸಾಗುವುದರಿಂದ, ಬೇಡವೆಂದದ್ದು ನಿಜವಾದ ಬೇಡವಲ್ಲ ಎಂಬ ಭಾವ ಪ್ರೇಕ್ಷಕನಲ್ಲಿ ಉಳಿದುಬಿಡುತ್ತದೆ. ಈ ದೃಶ್ಯವನ್ನು ಎರಡನೆಯ ಬಾರಿ ಧ್ವನಿ ನಿಲ್ಲಿಸಿ, ರಾಕ್ಸಾನ್‌ಳ ಮುಖ ಮತ್ತು ಕೈಗಳನ್ನು ಮಾತ್ರ ಗಮನಿಸುತ್ತ ನೋಡಿ.

‘ಆ ಕಾಲವೇ ಹಾಗಿತ್ತು’ ಎಂದು ಇಲ್ಲಿ ಮುಗಿಸಬಾರದು. ಆ ಕಾಲದಲ್ಲಿಯೂ ಆ ಸೋಫಾದ ಮೇಲೆ ಒಬ್ಬ ಹೆಣ್ಣು ಒದ್ದಾಡುತ್ತಿದ್ದಳು. ಹಾಗೆಂದು ಇಡೀ ಚಿತ್ರವನ್ನು ಎಸೆಯಲೂ ನನಗೆ ಮನಸ್ಸಿಲ್ಲ. ಯಾರೊಂದಿಗೂ ಬೆರೆಯಲಾರದೆ ಶಿಬಿರ ಬಿಟ್ಟು ಹೊರಡುವ ಬಾಲಕ ರೂಡಿಯನ್ನು ಇದೇ ಟ್ರಿಪ್ಪರ್ ಉಪದೇಶವಿಲ್ಲದೆ ಗೆಲ್ಲುತ್ತಾನೆ, ಬೆಳಿಗ್ಗೆ ಅವನ ಜೊತೆಗೆ ತಾನೂ ಓಡುತ್ತಾನೆ. ಮನೆ ನೆನೆದು ಮೂಲೆ ಹಿಡಿದ ಮಗುವಿನ ಬಳಿ ಹೋಗಿ ಕೂರುವುದು ಹೇಗೆಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಹಾಸ್ಯಚಿತ್ರಗಳನ್ನು ನಾನು ಹೆಚ್ಚು ಕಂಡಿಲ್ಲ.

ಆದ್ದರಿಂದ ಚಿಕ್ಕ ಮಕ್ಕಳಿಗೆ ರೂಡಿಯ ಓಟದ ಭಾಗಗಳನ್ನಷ್ಟೇ ತೋರಿಸಿ. ಕಾಲೇಜಿನವರಿಗಾದರೆ ಸೋಫಾದ ದೃಶ್ಯವನ್ನು ಹಾರಿಸದೆ ತೋರಿಸಿ, ಅಲ್ಲಿಯೇ ನಿಲ್ಲಿಸಿ, ನಮ್ಮ ಶಿಬಿರದಲ್ಲಿ ಇದು ನಡೆದರೆ ಆಕೆ ಯಾರಿಗೆ ದೂರು ಹೇಳಬೇಕು ಎಂದು ಕೇಳಿ. ಹುಡುಗಿಯರು ಬಾಯಿಬಿಡುವ ತನಕ ನೀವು ಮಾತಾಡಬೇಡಿ. ಚಿತ್ರವು ಸುಮಾರು ಒಂದೂವರೆ ಗಂಟೆಯದಾದರೂ ಈ ಮಾತುಕತೆಗೆ ಅಷ್ಟೇ ಹೊತ್ತು ಬೇಕಾಗುತ್ತದೆ. ಶಿರಾ, ಗುಬ್ಬಿ ಕಡೆಯ ಬಸ್ಸು ಹಿಡಿಯುವವರು ನಡುವೆ ಏಳಬೇಕಾಗದಂತೆ ಮಧ್ಯಾಹ್ನವೇ ಆರಂಭಿಸಿ.