ಟ್ಯೂಬ್ ಎಷ್ಟು ಎತ್ತರಕ್ಕೆ ಕಟ್ಟಬೇಕು: ನಡುಮನೆಯ ಸಸಿ ಸ್ಟ್ಯಾಂಡ್

ದಾವಣಗೆರೆಯ ಹಳೇ ಪೇಟೆ ಕಡೆ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಬಿಸಿಲು ಪಡಸಾಲೆ ದಾಟಿ ಒಳಗೆ ಬರುವುದಿಲ್ಲ. ನಡುಮನೆಯಲ್ಲಿ ಮನಿ ಪ್ಲಾಂಟ್ ಹೇಗೋ ಜೀವ ಹಿಡಿದೀತು. ಮೆಂತ್ಯ, ಪಾಲಕ್, ಮೆಣಸಿನ ಸಸಿಗೆ ದೀಪ ಕಟ್ಟಲೇಬೇಕು.

ನನ್ನದು 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಬ್ಬಿಣದ ರ‍್ಯಾಕ್. ಒಂದು ಅಂತಸ್ತಿಗೆ 20 ವ್ಯಾಟಿನ ನಾಲ್ಕು ಎಲ್‌ಇಡಿ ಬ್ಯಾಟನ್ (ಟ್ಯೂಬ್), 6500 ಕೆಲ್ವಿನ್, ಮಾಮೂಲಿ ಬಿಳಿ ಬೆಳಕು. ನೇರಳೆ ಬಣ್ಣದ ಗ್ರೋ ಲೈಟಿನಲ್ಲೂ ಗಿಡ ಬೆಳೆಯುತ್ತದೆ. ಆದರೆ ಆ ಬೆಳಕಿನಲ್ಲಿ ಎಲೆ ಹಳದಿಯಾಗಿದ್ದೂ ತಿಳಿಯದು, ಹೇನು ಕೂತಿದ್ದೂ ತಿಳಿಯದು. ಅದಕ್ಕೇ ಬೇಡವೆಂದೆ.

ನಾಲ್ಕನ್ನೂ ಸಮ ಅಂತರಕ್ಕೆ ಕಟ್ಟಬೇಡಿ. ನಡುವಿನ ಸಸಿಗೆ ನಾಲ್ಕೂ ಟ್ಯೂಬಿನ ಬೆಳಕು ಬೀಳುತ್ತದೆ, ಅಂಚಿನದಕ್ಕೆ ಒಂದೇ ಕಡೆಯಿಂದ. ಹಾಗಾಗಿ 18 ಇಂಚು ಅಗಲದಲ್ಲಿ ಮುಂದಿನ ಅಂಚಿನಿಂದ ಒಂದೂವರೆ, 6, 12, ಹದಿನಾರೂವರೆ ಇಂಚಿಗೆ ಗುರುತು ಹಾಕಿ ಕಟ್ಟಿದ್ದೇನೆ. ಟ್ಯೂಬಿನ ಎರಡೂ ತುದಿಯ ಕೆಳಗೆ ಬೆಳಕು ಕಡಿಮೆಯೇ. ಅದಕ್ಕೆ ಮೂರು ದಿನಕ್ಕೊಮ್ಮೆ ತುದಿಯ ಟ್ರೇ ನಡುವಿಗೆ, ನಡುವಿನದು ತುದಿಗೆ.

ಎತ್ತರವನ್ನು ಮಣ್ಣಿನಿಂದ ಅಳೆಯುವುದೇ ಹೆಚ್ಚಿನವರು ಮಾಡುವ ತಪ್ಪು. ಎಲೆಯ ತುದಿಯಿಂದ ಅಳೆಯಬೇಕು. ಸಸಿಗೆ 6 ಇಂಚು, ಬಲಿತ ಸೊಪ್ಪಿಗೆ 8, ಮನಿ ಪ್ಲಾಂಟಿಗೆ ಒಂದೂವರೆ ಅಡಿ ದೂರವಿದ್ದರೂ ನಡೆಯುತ್ತದೆ. ಟ್ಯೂಬನ್ನು ತಂತಿಯಲ್ಲಿ ಬಿಗಿಯದೆ ಸಣ್ಣ ಸರಪಳಿ, ಎಸ್ ಹುಕ್ಕಿನಲ್ಲಿ ತೂಗುಹಾಕಿ. ಗಿಡ ಎದ್ದಂತೆ ಎರಡೂ ಕಡೆ ಒಂದೊಂದು ಕೊಂಡಿ ಏರಿಸಿದರಾಯಿತು.

ಬೆಳಕು ಅಳೆಯುವ ಮೊಬೈಲಿನ ಲಕ್ಸ್ ಆ್ಯಪ್ ಕರಾರುವಾಕ್ಕಲ್ಲ, ಆದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ಹೋಲಿಸಲು ಸಾಕು. ಫೋನನ್ನು ಎಲೆಯ ಮಟ್ಟದಲ್ಲಿ ಪರದೆ ಮೇಲಾಗಿ ಇಡಿ. ನಡುವೆ 12,000, ಮೂಲೆಯಲ್ಲಿ 7,000ದ ಆಸುಪಾಸು ಬಂದರೆ ಸಸಿಗೆ ತೊಂದರೆಯಿಲ್ಲ. ಮೂಲೆಯಲ್ಲಿ ಅದಕ್ಕೂ ಕಮ್ಮಿಯಾದರೆ ರ‍್ಯಾಕಿನ ಬದಿಗೆ ಬಿಳಿ ಥರ್ಮಾಕೋಲ್ ನಿಲ್ಲಿಸಿ. ಮುದುಡಿದ ಅಲ್ಯುಮಿನಿಯಂ ಹಾಳೆಗಿಂತ ಅದೇ ಬೆಳಕನ್ನು ಸಮನಾಗಿ ಹರಡುತ್ತದೆ.

ಮೊಳಕೆ ತಲೆ ಎತ್ತಿದ ದಿನವೇ ದೀಪ ಹತ್ತಿಸಬೇಕು. ಮೆಂತ್ಯ ಎರಡು ಮೂರು ದಿನಕ್ಕೇ ಮೂಡುತ್ತದೆ. ಒಂದು ದಿನ ಕತ್ತಲಲ್ಲಿ ಬಿಟ್ಟರೂ ಕಾಂಡ ದಾರದಂತೆ ಉದ್ದವಾಗಿ ವಾಲುತ್ತದೆ, ಆಮೇಲೆ ಟ್ಯೂಬ್ ಇಳಿಸಿದರೂ ಅದು ಮೋಟಾಗುವುದಿಲ್ಲ. ಟ್ಯೂಬ್ ತೀರಾ ಹತ್ತಿರವಾದರೆ ಮೇಲಿನ ಎಳೆ ಎಲೆ ಬಿಳಿಚಿ ಅಂಚು ಮೇಲಕ್ಕೆ ಮಡಚುತ್ತದೆ. ಕೆಳಗಿನ ಎಲೆ ಮಾತ್ರ ಹಳದಿಯಾದರೆ ಬೆಳಕಿನ ದೋಷವಲ್ಲ, ಬರೀ ಕೋಕೋಪೀಟಿನಲ್ಲಿ (ತೆಂಗಿನ ನಾರಿನ ಪುಡಿ) ಗೊಬ್ಬರ ಸಾಲದ್ದು. ಎಲೆ ಮೇಲೆ ಒರೆಸಿದರೆ ಹೋಗುವ ಬಿಳಿ ಚುಕ್ಕೆ ಕಂಡರೆ ಅದು ಬೋರ್ ನೀರಿನ ಸುಣ್ಣ ಇರಬಹುದು. ಟ್ಯೂಬಿಗೆ ಸಿಡಿದರೆ ಅಲ್ಲೂ ಕೂತು ಬೆಳಕು ತಿನ್ನುತ್ತದೆ. ನೀರನ್ನು ಚಿಮುಕಿಸದೆ ಟ್ರೇ ಬುಡಕ್ಕೆ ಕೊಡಿ. ಮಂಡಕ್ಕಿ ಭಟ್ಟಿ ಹತ್ತಿರದ ಮನೆಯಾದರೆ ವಾರಕ್ಕೊಮ್ಮೆ ಟ್ಯೂಬ್ ಒರೆಸಿ, ಬಟ್ಟೆಗೆ ಹತ್ತುವ ಮಸಿಯೇ ಯಾಕೆಂದು ಹೇಳುತ್ತದೆ.

ದಿನಕ್ಕೆ 14 ಗಂಟೆ ಬೆಳಕು, 10 ಗಂಟೆ ಕತ್ತಲು. ಏಪ್ರಿಲ್, ಮೇನಲ್ಲಿ ನಾನು ಸಂಜೆ 6ಕ್ಕೆ ಹತ್ತಿಸಿ ಬೆಳಿಗ್ಗೆ 8ಕ್ಕೆ ಆರಿಸುತ್ತೇನೆ. ಹಗಲಿನ ಸೆಕೆಗೆ ದೀಪದ ಕಾವೂ ಸೇರಿದರೆ ಪಾಲಕ್ ಎಲೆ ಬಿಡುವ ಮೊದಲೇ ಹೂದಂಟು ಎತ್ತುತ್ತದೆ. ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್‌ನದೇ ಕೇಳಿ. ತಿರುಗಿಸುವ ಮುಳ್ಳಿನದು ಕರೆಂಟ್ ಹೋದಷ್ಟು ಹೊತ್ತು ನಿಂತು, ನಾಲ್ಕು ದಿನದಲ್ಲಿ ನಿಮ್ಮ ಸಂಜೆಯನ್ನು ನಡುರಾತ್ರಿಗೆ ಒಯ್ಯುತ್ತದೆ.

ಒಂದು ಅಂತಸ್ತಿಗೆ ದಿನಕ್ಕೆ 1.12 ಯೂನಿಟ್, ತಿಂಗಳಿಗೆ ಸುಮಾರು 34. ಗೃಹಜ್ಯೋತಿಯಲ್ಲಿದ್ದರೆ ನಿಮ್ಮ ಮಿತಿ ಮೀರಿದರೆ ಬಿಲ್ ಬರುತ್ತದೆ, ಮೊದಲೇ ನೋಡಿಕೊಳ್ಳಿ. ಕೊತ್ತಂಬರಿ ಕಟ್ಟಿನ ಬೆಲೆಗೆ ತಾಳೆ ಹಾಕಿದರೆ ನಷ್ಟವೇ. ನಾನು ಈ ಸ್ಟ್ಯಾಂಡನ್ನು ಹೆಚ್ಚಾಗಿ ಮೆಣಸು, ಬದನೆ, ಟೊಮ್ಯಾಟೊ ಸಸಿ ಎಬ್ಬಿಸುವ ಐದಾರು ವಾರಕ್ಕೆ ಮಾತ್ರ ಹತ್ತಿಸುತ್ತೇನೆ. ಆಮೇಲೆ ಅವು ತಾರಸಿಗೆ ಹೋಗುತ್ತವೆ.