ರಾಸ್ಪ್‌ಬೆರಿ ಪೈ, ಯುಎಸ್‌ಬಿ ಡ್ಯಾಕ್: ಮನೆಯಲ್ಲೇ ಬಿಟ್-ಪರ್ಫೆಕ್ಟ್ ಆಡಿಯೊ

ಹಾಡಿನ ಫೈಲ್‌ನಲ್ಲಿರುವ ಅಂಕಿಗಳು ಒಂದೂ ಬದಲಾಗದೆ ಡ್ಯಾಕ್ (ಅಂಕಿಗಳನ್ನು ಸದ್ದಿನ ಸಿಗ್ನಲ್ ಆಗಿಸುವ ಸಾಧನ) ತಲುಪಬೇಕು. ಬಿಟ್-ಪರ್ಫೆಕ್ಟ್ ಎಂದರೆ ಇದೇ. ಕಂಪ್ಯೂಟರ್‌ನ ಕೆಲಸ ಇಷ್ಟೇ. ಇದಕ್ಕೆ 2 ಜಿಬಿಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, 16 ಜಿಬಿ ಮೆಮೊರಿ ಕಾರ್ಡ್, ಹಾಡುಗಳಿಗೊಂದು ಎಸ್‌ಎಸ್‌ಡಿ ಸಾಕು. ಪೈಗೆಂದೇ ಬರುವ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರನ್ನೇ ಹಾಕಿ. ಮೊಬೈಲ್ ಚಾರ್ಜರ್ ಹಾಕಿದರೆ ಎಷ್ಟೋ ಸಲ ವೋಲ್ಟೇಜ್ ಕುಸಿದು, ಹಾಡಿನ ನಡುವೆ ಎಸ್‌ಎಸ್‌ಡಿ ಮಾಯವಾಗುತ್ತದೆ.

ಡ್ಯಾಕ್ ಅಸಿಂಕ್ರನಸ್ ಯುಎಸ್‌ಬಿಯದ್ದಾಗಿರಲಿ. ಆಗ ಅಂಕಿಗಳ ವೇಗ ನಿರ್ಧರಿಸುವ ಗಡಿಯಾರ ಡ್ಯಾಕ್‌ನೊಳಗೇ ಇರುತ್ತದೆ, ಅದು ಕೇಳಿದಷ್ಟು ಡೇಟಾವನ್ನು ಪೈ ಕಳಿಸುತ್ತದೆ. ಸಾವಿರಾರು ರೂಪಾಯಿಯ ಯುಎಸ್‌ಬಿ ಕೇಬಲ್ ಬೇಡ, ಒಂದೆರಡು ಮೀಟರಿನ ಮಾಮೂಲಿ ಕೇಬಲ್ ಸಾಕು. ಉಳಿದ ದುಡ್ಡು ಸ್ಪೀಕರ್‌ಗೆ ಹೋಗಲಿ, ವ್ಯತ್ಯಾಸ ಕಿವಿಗೆ ಬೀಳುವುದು ಅಲ್ಲಿ.

ಸಿ.ಡಿ.ಗಳನ್ನು ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ವಿಂಡೋಸ್ ಸಾಫ್ಟ್‌ವೇರ್‌ನ ಸೆಕ್ಯೂರ್ ಮೋಡ್‌ನಲ್ಲಿ ಫ್ಲ್ಯಾಕ್‌ಗೆ (ಏನೂ ಕಳೆಯದೆ ಕುಗ್ಗಿಸುವ ಫೈಲ್ ಬಗೆ) ಇಳಿಸಿಕೊಳ್ಳಿ. ಕಂಪ್ರೆಷನ್ ಲೆವೆಲ್ 5 ಇರಲಿ, 8 ಇರಲಿ, ಬದಲಾಗುವುದು ಫೈಲ್ ಗಾತ್ರ, ಕುಗ್ಗಿಸಲು ಹಿಡಿಯುವ ಸಮಯ ಮಾತ್ರ.

ಮೆಮೊರಿ ಕಾರ್ಡಿಗೆ ಮೂಡ್ ಆಡಿಯೊ ಎಂಬ ಪ್ಲೇಯರ್ ಸಾಫ್ಟ್‌ವೇರ್ ಬರೆದು, ಕಾರ್ಡನ್ನು ಪೈಗೆ ಹಾಕಿ, ಬ್ರೌಸರ್‌ನಲ್ಲಿ ಅದರ ಪುಟ ತೆರೆಯಿರಿ. ಔಟ್‌ಪುಟ್‌ಗೆ ನಿಮ್ಮ ಡ್ಯಾಕ್ ಆರಿಸಿ. ಅಂಕಿಗಳನ್ನು ಬದಲಿಸುವ ರಿಸ್ಯಾಂಪ್ಲಿಂಗ್, ಈಕ್ವಲೈಸರ್, ಕ್ರಾಸ್‌ಫೀಡ್ ಎಲ್ಲವನ್ನೂ ಆಫ್ ಮಾಡಿ, ವಾಲ್ಯೂಮನ್ನು ಫಿಕ್ಸೆಡ್ ಮಾಡಿ. ಇಲ್ಲಿ ಎಚ್ಚರ ಬೇಕು: ಫಿಕ್ಸೆಡ್ ಎಂದರೆ ಪೂರ್ತಿ ಮಟ್ಟದ ಸಿಗ್ನಲ್. ಆಂಪ್ಲಿಫೈಯರ್ ನಾಬ್ ಸೊನ್ನೆಗೆ ತಂದೇ ಮೊದಲ ಹಾಡು ಹಾಕಿ. ನಾಬ್ ಇಲ್ಲದ ಪವರ್ಡ್ ಸ್ಪೀಕರ್‌ಗೆ ಡ್ಯಾಕ್ ನೇರವಾಗಿ ಜೋಡಿಸಿದ್ದರೆ, ಡ್ಯಾಕ್‌ನಲ್ಲಾದರೂ ವಾಲ್ಯೂಮ್ ಇರಲೇಬೇಕು. ಇಲ್ಲದಿದ್ದರೆ ಟ್ವೀಟರ್ (ಕೀಚು ಸ್ವರಗಳ ಪುಟ್ಟ ಸ್ಪೀಕರ್) ಸುಟ್ಟೀತು.

ಈಗ ಪರೀಕ್ಷೆ. ಸಿ.ಡಿ.ಯಿಂದ ಇಳಿಸಿದ ಹಾಡು ಓಡುತ್ತಿರುವಾಗಲೇ ಮೂಡ್‌ನ ಆಡಿಯೊ ಇನ್ಫೊ ತೆರೆದು ಔಟ್‌ಪುಟ್ ದರ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದು) ನೋಡಿ. 44.1 ಕಿಲೊಹರ್ಟ್ಸ್ ಇರಬೇಕು. 48 ಅಂತ ಕಂಡರೆ ನಡುವೆ ಯಾವುದೋ ಸಾಫ್ಟ್‌ವೇರ್ ದರ ಬದಲಿಸುತ್ತಿದೆ. 16 ಬಿಟ್ ಹಾಡು 32 ಬಿಟ್ ಎಂದು ತೋರಿಸಿದರೆ ಮಾತ್ರ ಗಾಬರಿ ಬೇಡ, ಕೊನೆಗೆ ಸೊನ್ನೆಗಳು ಸೇರಿವೆ ಅಷ್ಟೇ. ಪೈ ಬದಲು ವಿಂಡೋಸ್ ಬಳಸುವವರು ಫೂಬಾರ್2000 ಪ್ಲೇಯರ್‌ನಲ್ಲಿ ವಸಾಪಿ (WASAPI) ಎಕ್ಸ್‌ಕ್ಲೂಸಿವ್ ಔಟ್‌ಪುಟ್ ಆರಿಸಬೇಕು. ಇಲ್ಲವಾದರೆ ಸಿಸ್ಟಂ ಮಿಕ್ಸರ್ ಎಲ್ಲ ಹಾಡನ್ನೂ ಒಂದೇ ದರಕ್ಕೆ ಇಳಿಸಿಯೋ ಏರಿಸಿಯೋ ಕಳಿಸುತ್ತದೆ.

ಸ್ಪೀಕರ್‌ನಲ್ಲಿ 'ಹೂಂ' ಎಂಬ ಗುಂಯ್‌ಗುಡುವಿಕೆ ಕೇಳಿದರೆ ಅದು ಬಹುಮಟ್ಟಿಗೆ ಗ್ರೌಂಡ್ ಲೂಪ್, ಅಂದರೆ ಸಾಧನಗಳ ಅರ್ಥ್ ತಂತಿಗಳ ನಡುವೆ ಸುತ್ತುವ ಕರೆಂಟು. ಎಲ್ಲ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಆಮೇಲೆ ಆಂಪ್ಲಿಫೈಯರಿಗೆ ಜೋಡಿಸಿದ ಸಾಧನಗಳನ್ನು ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಟಿವಿ ಸೆಟ್-ಟಾಪ್ ಬಾಕ್ಸ್‌ನ ಕೇಬಲ್ ಕಿತ್ತಾಗ ಸದ್ದು ನಿಂತರೆ, ಆ ಕೇಬಲ್ ಮಾರ್ಗಕ್ಕೊಂದು ಐಸೊಲೇಟರ್ (ಆ ಸುತ್ತನ್ನು ತುಂಡರಿಸುವ ಸಾಧನ) ಹಾಕಿ. ಸದ್ದು ನಿಲ್ಲಿಸಲೆಂದು ಪ್ಲಗ್‌ನ ಅರ್ಥ್ ಪಿನ್ ಮಾತ್ರ ಎಂದೂ ತೆಗೆಯಬೇಡಿ. ಒಳಗೆ ತಂತಿ ತಗುಲಿದರೆ ಆಂಪ್ಲಿಫೈಯರಿನ ಲೋಹದ ಡಬ್ಬಿಯೇ ಶಾಕ್ ಹೊಡೆಯುತ್ತದೆ.