ಮೊದಲ ಕಂಪನಿಯನ್ನು ನಾನು ಆರಿಸಿಕೊಂಡ ಬಗೆ

ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆಯಲು 200 ಗಂಟೆಗಳ ಹಾರಾಟ ಬೇಕು. ಆ ಲೈಸೆನ್ಸ್ ಕೈಗೆ ಬಂದ ಮೇಲೆ ಯಾವ ಕಂಪನಿಗೆ ಸೇರಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಈಗ ಹಾಸನ, ಸಕಲೇಶಪುರ, ಬೇಲೂರು ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ ನನ್ನನ್ನು ಕೇಳುವುದೂ ಅದನ್ನೇ. ದೊಡ್ಡ ಜೆಟ್ ಕಂಪನಿಯ ಕರೆಗೆ ಕಾಯಬೇಕೇ, ಸಣ್ಣ ಊರುಗಳಿಗೆ ಹಾರುವ ಪ್ರಾದೇಶಿಕ ಕಂಪನಿಗೆ ಸೇರಬೇಕೇ? ಸೇರುವುದಾದರೆ ಯಾವುದಕ್ಕೆ? ನಾನು ಎಟಿಆರ್ 72-600 ಎಂಬ ಪ್ರೊಪೆಲ್ಲರ್ ವಿಮಾನಗಳಿರುವ ಒಂದು ಪ್ರಾದೇಶಿಕ ಕಂಪನಿಗೆ ಸೇರಿದೆ. ಆ ತೀರ್ಮಾನಕ್ಕೆ ಬರುವ ಮುನ್ನ ಏನೇನು ವಿಚಾರಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಾದೇಶಿಕ ವಿಮಾನಯಾನ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಅದರ ಮೊದಲ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದ್ದು ಎಟಿಆರ್‌ನಲ್ಲೇ. ಹಾಗಿದ್ದರೂ ನಾನು ಎಟಿಆರ್ ಎಂದಾಗ ಮನೆಯವರ ಮುಖ ಸಪ್ಪಗಾಯಿತು. ‘ಇಷ್ಟು ಸಾಲ ಮಾಡಿ ಓದಿ ಫ್ಯಾನ್ ಇರುವ ವಿಮಾನವೇನಪ್ಪ?’ ಎಂದು ದೊಡ್ಡಪ್ಪ ನೇರವಾಗಿಯೇ ಕೇಳಿದರು. ಪ್ರೊಪೆಲ್ಲರ್ ಎಂದರೆ ಹಳೆಯ ಕಾಲದ್ದು ಎಂಬ ಭಾವನೆ ಈಗಲೂ ಇದೆ. ಆದರೆ ಆ ಆರು ಎಲೆಗಳ ಪ್ರೊಪೆಲ್ಲರನ್ನು ತಿರುಗಿಸುವುದು ಜೆಟ್‌ನಲ್ಲಿರುವಂಥದೇ ಟರ್ಬೈನ್ ಎಂಜಿನ್. ಕಡಿಮೆ ದೂರಕ್ಕೆ, ಚಿಕ್ಕ ರನ್‌ವೇಗೆ ಅದು ಜೆಟ್‌ಗಿಂತ ಕಡಿಮೆ ಇಂಧನದಲ್ಲಿ ಹೋಗಿ ಬರುತ್ತದೆ. ಸುಮಾರು 1,740 ಮೀಟರ್ ರನ್‌ವೇ ಇರುವ ಮೈಸೂರಿನ ಮಂಡಕಳ್ಳಿಯಂಥ ನಿಲ್ದಾಣಗಳಿಗೆ ಇಂಥ ವಿಮಾನವೇ ಸರಿ.

ಜೆಟ್‌ಗೆ ಕಾಯುವ ಯೋಚನೆಯನ್ನು ನಾನು ಬೇಗ ಬಿಟ್ಟೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಎಂಬ ಜೆಟ್ ಕಂಪನಿ ಹಾರಾಟ ನಿಲ್ಲಿಸಿತು. ಏರ್‌ಬಸ್ 320ರಲ್ಲಿ ಆಗಲೇ ಹಾರಿದ್ದ ಪೈಲಟ್‌ಗಳೇ ಕೆಲಸ ಹುಡುಕುತ್ತಿದ್ದರು. ಅವರ ಹಿಂದೆ 200 ಗಂಟೆಯವನು ನಿಂತರೆ ಸರದಿ ಯಾವಾಗ ಬಂದೀತು? ಅಷ್ಟರಲ್ಲಿ ಬ್ಯಾಂಕಿನ ಬಡ್ಡಿ ಬೆಳೆಯುತ್ತದೆ, ಕೈಯ ಅಭ್ಯಾಸವೂ ತಪ್ಪುತ್ತದೆ.

ನನ್ನ ನಿಜವಾದ ಹುಡುಕಾಟ ಆರಂಭವಾದದ್ದು ಒಂದು ನೋಟ್‌ಬುಕ್ಕಿನಿಂದ. ವಿಮಾನಗಳ ಜಾಡು ತೋರಿಸುವ ಆ್ಯಪ್ ಮೊಬೈಲ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ನಮ್ಮ ದೇಶದ ಪ್ರತಿ ವಿಮಾನಕ್ಕೂ ‘ವಿಟಿ’ಯಿಂದ ಶುರುವಾಗುವ ನೋಂದಣಿ ಗುರುತು ಇರುತ್ತದೆ. ನನ್ನ ಪಟ್ಟಿಯಲ್ಲಿದ್ದ ಪ್ರತಿ ಕಂಪನಿಯ ವಿಮಾನಗಳ ಗುರುತುಗಳನ್ನು ಒಂದೊಂದು ಸಾಲಿನಲ್ಲಿ ಬರೆದುಕೊಂಡೆ. ಆ ದಿನ ಯಾವುದು ಹಾರಿತು, ಎಷ್ಟು ಸೆಕ್ಟರ್ (ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಒಂದು ಹಾರಾಟ) ಹಾರಿತು, ಯಾವುದು ನಿಂತಲ್ಲೇ ಇದೆ ಎಂದು ರಾತ್ರಿ ಊಟವಾದ ಮೇಲೆ ಗುರುತು ಹಾಕುತ್ತಿದ್ದೆ. ಕೆಲವು ವಾರ ಕಳೆಯುವಷ್ಟರಲ್ಲಿ ಪುಟವೇ ಮಾತನಾಡತೊಡಗಿತು. ಒಂದು ಕಂಪನಿಯ ಜಾಹೀರಾತಿನಲ್ಲಿ ಕಾಣುವ ವಿಮಾನಗಳ ಪೈಕಿ ಕೆಲವು ರೆಕ್ಕೆ ಬಿಚ್ಚಿರಲೇ ಇಲ್ಲ. ಹೀಗೆ ನಿಂತ ವಿಮಾನಕ್ಕೆ ಬಿಡಿಭಾಗ ಬಂದಿಲ್ಲದಿರಬಹುದು, ಬಾಡಿಗೆಗೆ ಕೊಟ್ಟವರ ಜೊತೆ ತಕರಾರು ಇರಬಹುದು. ಕಾರಣ ಏನೇ ಇದ್ದರೂ ಆ ವಿಮಾನ ನನಗೆ ಹಾರಾಟದ ಗಂಟೆ ಕೊಡುವುದಿಲ್ಲ. ಇನ್ನೊಂದು ಕಂಪನಿಯ ವಿಮಾನಗಳು ಕಡಿಮೆ, ಆದರೆ ಎಲ್ಲವೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಓಡಾಡುತ್ತಿದ್ದವು.

ಹಾರುವ ವಿಮಾನಗಳ ಲೆಕ್ಕ ಸಿಕ್ಕ ಮೇಲೆ ಅವುಗಳಿಗೆ ಎಷ್ಟು ಕೋಪೈಲಟ್‌ಗಳಿದ್ದಾರೆ ಎಂದು ತಿಳಿಯಬೇಕು. ಇದು ಆ್ಯಪ್‌ನಲ್ಲಿ ಸಿಗುವುದಿಲ್ಲ, ಒಳಗಿರುವವರೇ ಹೇಳಬೇಕು. ಅರಕಲಗೂಡು ಕಡೆಯ ಹಿರಿಯ ಕ್ಯಾಪ್ಟನ್ ಒಬ್ಬರು ರಜೆಗೆ ಬಂದಾಗ ಹೋಗಿ ಮಾತನಾಡಿಸಿದೆ. ‘ಸಂಬಳ ಎಷ್ಟು ಎಂದು ಆಮೇಲೆ ಕೇಳಪ್ಪ. ನಿನಗಿಂತ ಹಿಂದಿನ ಬ್ಯಾಚ್‌ನವರು ಕಳೆದ ತಿಂಗಳು ಎಷ್ಟು ಗಂಟೆ ಹಾರಿದರು ಎಂದು ಮೊದಲು ಕೇಳು’ ಎಂದರು. ಆ ಪ್ರಶ್ನೆಯೊಂದನ್ನೇ ಹಿಡಿದುಕೊಂಡು ಬೇರೆ ಬೇರೆ ಕಂಪನಿಗಳ ಕಿರಿಯ ಕೋಪೈಲಟ್‌ಗಳಿಗೆ ಫೋನ್ ಮಾಡಿದೆ. ಒಂದೆಡೆ ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ) ಮುಗಿಸಿದವರೇ ಲೈನ್ ಟ್ರೈನಿಂಗ್‌ಗೆ, ಅಂದರೆ ಪ್ರಯಾಣಿಕರಿರುವ ಹಾರಾಟಗಳಲ್ಲಿ ಕ್ಯಾಪ್ಟನ್ ಪಕ್ಕ ಕೂತು ಕಲಿಯುವ ತರಬೇತಿಗೆ, ತಿಂಗಳುಗಟ್ಟಲೆ ಕಾಯುತ್ತಿದ್ದರು. ತರಬೇತಿ ಕೊಡುವ ಕ್ಯಾಪ್ಟನ್‌ಗಳು ಕಡಿಮೆ ಇದ್ದರೆ ಹೀಗಾಗುತ್ತದೆ. ಸಂಬಳದಲ್ಲಿ ಹಾರಿದ ಗಂಟೆಗೆ ಕೊಡುವ ಭತ್ಯೆಯ ಪಾಲು ದೊಡ್ಡದಾಗಿದ್ದರೆ, ಹಾರದ ಪೈಲಟ್‌ಗೆ ಕೈಗೆ ಬರುವ ಮೊತ್ತ ನೇಮಕಾತಿ ಪತ್ರದಲ್ಲಿ ಕಂಡದ್ದಕ್ಕಿಂತ ಬಹಳ ಕಡಿಮೆ.

ಮಾರ್ಗಗಳನ್ನೂ ನೋಡಿದೆ. 2016ರಲ್ಲಿ ಘೋಷಣೆಯಾದ ಉಡಾನ್ ಯೋಜನೆಯಲ್ಲಿ ಸಣ್ಣ ಊರಿನ ಮಾರ್ಗಗಳಿಗೆ ಸರ್ಕಾರ ಮೂರು ವರ್ಷ ನಷ್ಟ ತುಂಬಿಕೊಡುತ್ತದೆ. ಆ ಅವಧಿ ಮುಗಿದ ಮೇಲೆ ಪ್ರಯಾಣಿಕರ ದುಡ್ಡಿನಲ್ಲೇ ಮಾರ್ಗ ನಡೆಯಬೇಕು. ಬರೀ ಅಂಥ ಮಾರ್ಗಗಳನ್ನೇ ನಂಬಿದ ಕಂಪನಿಗೆ ಮೂರು ವರ್ಷದ ನಂತರ ಏನು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಬೀದರ್, ಮೈಸೂರು, ಬಳ್ಳಾರಿ ಬಳಿಯ ವಿದ್ಯಾನಗರಕ್ಕೆಲ್ಲ ಹಾರುತ್ತಿದ್ದ ಟ್ರೂಜೆಟ್ 2022ರಲ್ಲಿ ನಿಂತುಹೋದದ್ದು ನನ್ನ ತಲೆಯಲ್ಲಿತ್ತು. ಸಣ್ಣ ಕಂಪನಿ ಬೇಡ ಎನ್ನುವುದು ನನ್ನ ಮಾತಲ್ಲ. ಊರು ಊರನ್ನು ಬೆಸೆಯುವ ಕಂಪನಿಗಳು ಉಳಿಯಬೇಕು, ಅಲ್ಲಿ ಒಳ್ಳೆಯ ಪೈಲಟ್‌ಗಳು ಇರಬೇಕು ಎಂದು ಮನಸಾರೆ ಬಯಸುವವನು ನಾನು. ಉಡಾನ್ ಮಾರ್ಗದ ಜೊತೆಗೆ ಸ್ವಂತ ಬಲದ ಮೇಲೆ ನಿಂತ ಮಾರ್ಗಗಳೂ ಕಂಪನಿಗೆ ಇರಲಿ ಎಂದಷ್ಟೇ ನೋಡಿದೆ.

ಅತಿ ಹೆಚ್ಚು ಸಮಯ ಹಿಡಿದದ್ದು ಬಾಂಡ್. ಟೈಪ್ ರೇಟಿಂಗ್‌ಗೆ ಲಕ್ಷಗಟ್ಟಲೆ ಖರ್ಚಾಗುತ್ತದೆ. ಕಂಪನಿ ಅದನ್ನು ಭರಿಸಿದರೆ ಇಷ್ಟು ವರ್ಷ ಇಲ್ಲೇ ದುಡಿಯಬೇಕು ಎಂದು ಬರೆಸಿಕೊಳ್ಳುತ್ತದೆ, ಅದು ನ್ಯಾಯವೇ. ಅಪ್ಪ ಪತ್ರವನ್ನು ಹಾಸನದ ಪರಿಚಿತ ವಕೀಲರ ಬಳಿಗೆ ಒಯ್ದರು. ವಕೀಲರಿಗೆ ವಿಮಾನದ ವಿಷಯ ತಿಳಿಯದು, ಕರಾರು ಪತ್ರ ಓದುವುದು ಚೆನ್ನಾಗಿ ತಿಳಿದಿತ್ತು. ಅವರು ಪೆನ್ಸಿಲ್‌ನಿಂದ ಗೆರೆ ಎಳೆದದ್ದು ಒಂದೇ ಸಾಲಿಗೆ: ಬಾಂಡಿನ ಅವಧಿ ಕೆಲಸಕ್ಕೆ ಸೇರಿದ ದಿನದಿಂದ ಶುರುವೋ, ಲೈನ್ ಟ್ರೈನಿಂಗ್ ಮುಗಿದು ಕೋಪೈಲಟ್ ಆಗಿ ಬಿಡುಗಡೆಯಾದ ದಿನದಿಂದಲೋ? ತರಬೇತಿ ತಡವಾದರೆ ಈ ಎರಡರ ನಡುವೆ ಒಂದು ವರ್ಷವೇ ಕಳೆಯಬಹುದು. ಕಂಪನಿಯೇ ಮುಚ್ಚಿದರೆ ಬಾಂಡಿನ ಗತಿ ಏನು, ಬಾಕಿ ಮೊತ್ತ ತಿಂಗಳು ತಿಂಗಳು ಇಳಿಯುತ್ತದೆಯೇ ಎಂಬುದನ್ನೂ ಅವರು ಕೇಳಿಸಿದರು. ನಾನು ಮೂರೂ ಪ್ರಶ್ನೆಗಳನ್ನು ಬರೆದು ಕಳುಹಿಸಿದೆ. ನೇರ ಉತ್ತರ ಕೊಟ್ಟ ಕಂಪನಿಯ ಮೇಲೆ ಅಲ್ಲೇ ನಂಬಿಕೆ ಹುಟ್ಟಿತು. ಇನ್ನೊಂದರಿಂದ ಉತ್ತರವೇ ಬರಲಿಲ್ಲ.

ಬೇಸ್, ಅಂದರೆ ನನ್ನ ಹಾರಾಟಗಳು ಶುರುವಾಗುವ ಊರು, ಬೆಂಗಳೂರೇ ಆಗಬೇಕೆಂದು ಅಮ್ಮ ಆಸೆಪಟ್ಟರು. ನಾನು ಅದನ್ನು ಪಟ್ಟಿಯ ಕೊನೆಗೆ ಇಟ್ಟೆ. ಹೊಸಬನಿಗೆ ಬೇಸ್ ಕೊಡುವುದೂ ಬದಲಿಸುವುದೂ ಕಂಪನಿಯ ಕೈಯಲ್ಲಿರುತ್ತದೆ.

ಸೇರಿದ ಮೇಲೆ ಎಟಿಆರ್ ಕಲಿಸಿದ್ದಕ್ಕೆ ನಾನು ಋಣಿ. ಈ ವಿಮಾನದಲ್ಲಿ ನೆಲದ ಮೇಲೆ ವಿದ್ಯುತ್ ಕೊಡುವ ಪ್ರತ್ಯೇಕ ಪುಟ್ಟ ಎಂಜಿನ್ ಇಲ್ಲ. ಬಲಗಡೆಯ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಎಂಜಿನ್ ಮಾತ್ರ ಓಡಿಸಿ ವಿದ್ಯುತ್ತನ್ನೂ ಗಾಳಿಯನ್ನೂ ಪಡೆಯುತ್ತೇವೆ. ಇದಕ್ಕೆ ಹೋಟೆಲ್ ಮೋಡ್ ಎನ್ನುತ್ತಾರೆ. ಜೆಟ್‌ನಲ್ಲಿರುವಂತೆ ವೇಗವನ್ನು ತಾನೇ ಕಾಯುವ ಆಟೋಥ್ರಾಟಲ್ ಕೂಡ ಇಲ್ಲ, ಪವರ್ ಲಿವರ್ ಸದಾ ಕೈಯಲ್ಲೇ. 25,000 ಅಡಿಗಿಂತ ಮೇಲೆ ಹೋಗುವಂತಿಲ್ಲವಾದ್ದರಿಂದ ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಕಟ್ಟಿದ ಮೋಡಗಳನ್ನು ದಾಟಿ ಏರುವ ದಾರಿಯೇ ಇಲ್ಲ. ರೇಡಾರ್ ನೋಡುತ್ತಾ ಸಂದು ಹುಡುಕಬೇಕು, ಕ್ಯಾಪ್ಟನ್ ಕೇಳುವ ಮೊದಲೇ ಎಡಕ್ಕೋ ಬಲಕ್ಕೋ ಎಂದು ಯೋಚಿಸಿರಬೇಕು. ಬಜಪೆಯ ಗುಡ್ಡದ ತುದಿಯ ರನ್‌ವೇ ಮಳೆಯ ನಡುವೆ ಕಾಣಿಸುವವರೆಗೆ ಇಳಿಯುವ ಯೋಚನೆ, ವಾಪಸು ಏರುವ ಯೋಚನೆ ಎರಡೂ ಸಮವಾಗಿ ತಲೆಯಲ್ಲಿರಬೇಕು. ದಿನಕ್ಕೆ ನಾಲ್ಕಾರು ಸೆಕ್ಟರ್ ಎಂದರೆ ಅಷ್ಟೇ ಸಲ ಏರುವುದು, ಇಳಿಯುವುದು. ದೂರದ ಮಾರ್ಗದಲ್ಲಿ ಹಾರುವ ಗೆಳೆಯರ ಲಾಗ್‌ಬುಕ್‌ನಲ್ಲಿ ಗಂಟೆಗಳು ಜಾಸ್ತಿ, ಇಳಿದ ಲೆಕ್ಕ ನಮ್ಮದರಲ್ಲಿ ಜಾಸ್ತಿ.

ಅಮೆರಿಕದ ಪೈಲಟ್‌ಗಳು ಬರೆದದ್ದನ್ನು ಓದಿ ಇಲ್ಲಿಗೆ ಅನ್ವಯಿಸುವವರು ಎಚ್ಚರದಿಂದಿರಿ. 2009ರಲ್ಲಿ ಅಲ್ಲಿನ ಕೋಲ್ಗನ್ ಏರ್ ಕಂಪನಿಯ ವಿಮಾನ ಅಪಘಾತವಾದ ನಂತರ ತಂದ ನಿಯಮದಂತೆ ಅಲ್ಲಿ ಕೋಪೈಲಟ್ ಆಗಲು ಸಾಮಾನ್ಯವಾಗಿ 1,500 ಗಂಟೆ ಬೇಕು. ಇಲ್ಲಿ 1,500 ಗಂಟೆ ಬೇಕಾಗುವುದು ಕ್ಯಾಪ್ಟನ್ ಆಗಲು ಅಗತ್ಯವಾದ ಎಟಿಪಿಎಲ್ ಎಂಬ ಲೈಸೆನ್ಸಿಗೆ. ಆ ಲೈಸೆನ್ಸಿನ ಪರೀಕ್ಷೆಗಳನ್ನು ಸ್ಟ್ಯಾಂಡ್‌ಬೈ ದಿನಗಳಲ್ಲಿ (ಕರೆ ಬಂದರೆ ಹೊರಡಲು ಸಿದ್ಧವಾಗಿರಬೇಕಾದ ದಿನಗಳು) ಓದಿ ಮೊದಲೇ ಮುಗಿಸಿಡಿ. ಗಂಟೆ ತುಂಬಿದ ಮೇಲೆ ಪುಸ್ತಕ ತೆರೆದರೆ ನಿಮ್ಮ ಸರದಿ ಹಿಂದಿನವರಿಗೆ ಹೋಗುತ್ತದೆ. 2017ರಿಂದ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮದಂತೆ ಕೋಪೈಲಟ್ ಕೆಲಸ ಬಿಡಲು ಆರು ತಿಂಗಳ, ಕ್ಯಾಪ್ಟನ್ ಒಂದು ವರ್ಷದ ನೋಟಿಸ್ ಕೊಡಬೇಕು. ಬೇರೆ ಕಂಪನಿಗೆ ಸೇರಲು ನಿರಾಕ್ಷೇಪಣಾ ಪತ್ರವೂ ಬೇಕು. ಕ್ಯಾಪ್ಟನ್ ಆಗುವ ಮೊದಲೇ ಜೆಟ್‌ಗೆ ಹೋಗಬೇಕೇ ಎಂದು ಯೋಚಿಸುವವರು ಈ ಎರಡು ಅವಧಿಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಾನಂತೂ ಎಟಿಆರ್‌ನಲ್ಲೇ ಕ್ಯಾಪ್ಟನ್ ಆಗುವವರೆಗೆ ಕದಲುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ರಜೆಗೆ ನಾನು ಹಾಸನಕ್ಕೆ ಬಂದಾಗ ಕೇಳಲು ಬರುವವರು ದಯವಿಟ್ಟು ಕರಾರಿನ ಪೂರ್ತಿ ಪ್ರತಿ ತನ್ನಿ. ಸಂಬಳದ ಪುಟವನ್ನು ಬದಿಗಿಟ್ಟು ಬಾಂಡಿನ ಪುಟವನ್ನು ಮೊದಲು ಕೂತು ಓದೋಣ.